ಸಿಂಪಡಿಸುವ ಆಳಿನ ದೇಹರಕ್ಷಣೆ: ಜಮೀನುದಾರರ ಹೊಣೆ

ಬೇಸಾಯಕ್ಕೆ ಬೇಕಾದ ಸಾಧನಗಳಾವುವೆಂದು ಕೇಳಿದರೆ ಭೂಮಿ, ನೀರು, ಬೀಜ, ಗೊಬ್ಬರ, ದನಕರು, ಮುಟ್ಟುಗಳು ಎಂದು ಯಾರಾದರೂ ಎಣಿಸಿ ಹೇಳುವರು. ಇವೆಲ್ಲವನ್ನೂ ಕೆಲಸಕ್ಕೆ ಹಚ್ಚುವ ಮನುಷ್ಯನ ದೇಹವನ್ನು ಈ ಎಣಿಕೆಯಲ್ಲಿ ಸೇರಿಸುವವರು ಕಡಮೆ. ಉಳುವ ಎತ್ತಿನ ಹೆಗಲು ಹುಣ್ಣಾದರೆ ಯಜಮಾನನು ನೊಗವನ್ನು ಕಳಚಿ, ಹುಣ್ಣು ಮಾಯುವವರೆಗೂ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತಾನೆ. ಹಾಗೆ ಮಾಡದವನನ್ನು ಊರಿನವರೇ ಹಳಿಯುತ್ತಾರೆ. ಆದರೆ ವಿಷೌಷಧದ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಿಂಪಡಿಸುವ ಕೂಲಿಯಾಳಿನ ಬೆನ್ನು ತೊಯ್ದು ಉರಿಯುತ್ತಿದ್ದರೂ, ಅದು ಅವನ ಪಾಡೆಂದು ಸುಮ್ಮನಿರುವುದು ಅನೇಕ ಗ್ರಾಮಗಳಲ್ಲಿ ರೂಢಿಯಾಗಿದೆ. ಈ ರೂಢಿಯು ನ್ಯಾಯವೂ ಅಲ್ಲ, ಲಾಭಕರವೂ ಅಲ್ಲ ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಮನಗಾಣುವುದು ಅತ್ಯಾವಶ್ಯಕ.

1951ರ ಜನಗಣತಿಯ ಕಾಲದಲ್ಲಿ ಭಾರತದಲ್ಲಿ ಸ್ವಂತ ಸಾಗುವಳಿದಾರರು ಸುಮಾರು 7 ಕೋಟಿಯೂ ವ್ಯವಸಾಯದ ಕೂಲಿಗಾರರು ಸುಮಾರು 2 ಕೋಟಿ 73 ಲಕ್ಷವೂ ಇದ್ದರು. 2011ರ ಗಣತಿಯ ವೇಳೆಗೆ ಸಾಗುವಳಿದಾರರು 11 ಕೋಟಿ 88 ಲಕ್ಷವಾದರೆ, ಕೂಲಿಗಾರರು 14 ಕೋಟಿ 43 ಲಕ್ಷವಾದರು. ಎಂದರೆ, ಹೊಲಗದ್ದೆಗಳಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರರ ಭೂಮಿಯಲ್ಲಿ ದುಡಿಯುವವರೇ ಆಗಿದ್ದರು. ಕಾರ್ಖಾನೆಯ ಕೆಲಸಗಾರನಿಗೆ ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮುಂತಾದುವು ಇರಲೇಬೇಕೆಂದು 1948ರಲ್ಲಿಯೇ ಕಾನೂನಾಯಿತು. ಅವನ ಕಾಯಿಲೆಯ ಕಾಲಕ್ಕೆ ವಿಮೆಯ ಕಾನೂನೂ ಅದೇ ವರ್ಷದಲ್ಲಿ ಹುಟ್ಟಿತು. ಹೊಲದ ಕೂಲಿಗಾರನು ಆ ಕಾನೂನುಗಳ ನೆರಳಿಗೆ ಬರಲಿಲ್ಲ. ಹೊಲಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ದಿನವೂ ಬಂದು ತನಿಖೆ ಮಾಡುವ ಅಧಿಕಾರಿಯೂ ಇಲ್ಲ. ಅಲ್ಲಿ ಕೂಲಿಗಾರನ ಕ್ಷೇಮವು ಬಹುಮಟ್ಟಿಗೆ ಯಜಮಾನನ ವಿವೇಕವನ್ನೇ ಅವಲಂಬಿಸಿದೆ.

"ನಮ್ಮ ಹಿರಿಯರು ಈ ಜಾಗ್ರತೆಗಳನ್ನೆಲ್ಲ ಕಂಡವರೇ? ಅವರು ಬೇಸಾಯ ಮಾಡಲಿಲ್ಲವೇ?" ಎಂದು ಕೇಳುವವರುಂಟು. ಹಿರಿಯರ ಕಾಲದ ಔಷಧವೇ ಬೇರೆ. ಮೈಸೂರು ಸೀಮೆಯ ಅಡಕೆ ತೋಟಗಳ ಕೊಳೆರೋಗಕ್ಕೆ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಪ್ರಚಾರಕ್ಕೆ ತಂದ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಅದನ್ನು ಸಿಂಪಡಿಸುವವನಿಗೆ ಮರದಿಂದ ಬೀಳುವ ಭಯವೇ ದ್ರಾವಣದ ಭಯಕ್ಕಿಂತ ಹೆಚ್ಚಾಗಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದ ಕೀಟನಾಶಕಗಳಾದರೋ ನರಗಳನ್ನೇ ಹಿಡಿಯತಕ್ಕವು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸಾಗಾಣಿಕೆಯಲ್ಲಿ ಗೋಧಿಹಿಟ್ಟಿಗೆ ಸೋಕಿ, ಅದನ್ನುಂಡ ನೂರಕ್ಕೂ ಮೇಲ್ಪಟ್ಟು ಜನರು ಮಡಿದರು. 1968ರ ಕೀಟನಾಶಕಗಳ ಕಾನೂನು ಹುಟ್ಟುವುದಕ್ಕೆ ಆ ದುರಂತವು ಒಂದು ಮುಖ್ಯ ಕಾರಣ.

ಅದಾದ ಬಳಿಕವೂ ಎಚ್ಚರವು ಹೊಲದವರೆಗೆ ತಲುಪಿತೆಂದು ಹೇಳುವಂತಿಲ್ಲ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದ ರೈತರೂ ಕೂಲಿಗಾರರೂ ನೂರುಗಟ್ಟಲೆಯಾಗಿ ಆಸ್ಪತ್ರೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆ ವರ್ಷ ಗಿಡಗಳು ಆಳೆತ್ತರಕ್ಕೆ ಬೆಳೆದು ತುಂತುರು ನೇರವಾಗಿ ಮುಖಕ್ಕೆ ಬಡಿಯುತ್ತಿದ್ದುದು, ಸೆಕೆ ವಿಪರೀತವಾಗಿದ್ದುದು, ಎರಡು ಮೂರು ಔಷಧಗಳನ್ನು ಒಟ್ಟಿಗೆ ಬೆರೆಸಿದ್ದುದು, ಮೈಗೆ ಯಾವ ರಕ್ಷಣೆಯೂ ಇಲ್ಲದಿದ್ದುದು, ಇವು ಅದಕ್ಕೆ ಕಾರಣಗಳೆಂದು ತಿಳಿದುಬಂದಿತು. ಇವುಗಳಲ್ಲಿ ಒಂದಾದರೂ ಇಲ್ಲದ ಗ್ರಾಮವು ಕನ್ನಡ ನಾಡಿನಲ್ಲಿ ಎಷ್ಟಿವೆಯೆಂಬುದನ್ನು ಓದುಗರೇ ಯೋಚಿಸಬಹುದು.

ವಿಷವು ಬಾಯಿಂದ ಮಾತ್ರ ಒಳಹೋಗುವುದೆಂಬ ತಿಳಿವಳಿಕೆ ತಪ್ಪು. ಸಿಂಪಡಿಸುವವನ ದೇಹಕ್ಕೆ ಅದು ಹೆಚ್ಚಾಗಿ ಸೇರುವುದು ಚರ್ಮದ ಮೂಲಕ. ಸೋರುವ ಡಬ್ಬಿಯಿಂದ ತೊಯ್ದ ಅಂಗಿಯು ಸಂಜೆಯವರೆಗೂ ಮೈಗಂಟಿಕೊಂಡಿದ್ದರೆ ವಿಷವು ಸಂಜೆಯವರೆಗೂ ಒಳಗಿಳಿಯುತ್ತಲೇ ಇರುವುದು. ನೀರು ಬೆರೆಸದ ಗಟ್ಟಿ ಔಷಧವನ್ನು ಬರಿಗೈಯಿಂದ ಕಲಕುವುದು, ಕಟ್ಟಿಕೊಂಡ ಮೂತಿಯನ್ನು ಬಾಯಿಂದ ಊದುವುದು, ಅದೇ ಕೈಯಲ್ಲಿ ಬೀಡಿ ಹಚ್ಚುವುದು ಅಥವಾ ಎಲೆ ಅಡಕೆ ಹಾಕುವುದು, ಇವೆಲ್ಲವೂ ಪ್ರಾಣಾಪಾಯಕರವಾದ ಅಭ್ಯಾಸಗಳು.

ಇವಕ್ಕೆಲ್ಲ ಆಳಿನ ಅಜ್ಞಾನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೂಲಿಯ ಕ್ರಮವನ್ನು ಸ್ವಲ್ಪ ಪರಿಶೀಲಿಸಬೇಕು. ಅನೇಕ ಕಡೆಗಳಲ್ಲಿ ಸಿಂಪಡಿಸುವವನಿಗೆ ದಿನದ ಲೆಕ್ಕವಿಲ್ಲ, ಡಬ್ಬಿಯ ಲೆಕ್ಕ. ಎಷ್ಟು ಡಬ್ಬಿ ಮುಗಿಸಿದರೆ ಅಷ್ಟು ಕೂಲಿ. ಹೀಗಿರುವಾಗ ಅವನು ಗಾಳಿ ತಿರುಗಿತೆಂದು ನಿಲ್ಲುವನೇ? ನಡುಹಗಲಿನ ಬಿಸಿಲಿಗೆ ನೆರಳಿಗೆ ಬರುವನೇ? ತೊಯ್ದ ಅಂಗಿಯನ್ನು ಬದಲಿಸಲು ಕಾಲು ಗಂಟೆ ಕಳೆಯುವನೇ? ಅವಸರವನ್ನು ಕೊಂಡುಕೊಂಡವನು ಯಜಮಾನ. ಅದಕ್ಕೆ ಮೈಯನ್ನು ತೆತ್ತವನು ಆಳು. ಆದಕಾರಣ ಸಿಂಪಡಿಸುವ ಕೆಲಸಕ್ಕೆ ಡಬ್ಬಿಯ ಲೆಕ್ಕವನ್ನು ಬಿಟ್ಟು ದಿನಗೂಲಿಯನ್ನೇ ಗೊತ್ತುಮಾಡುವುದು, ಗಾಳಿ ಹೆಚ್ಚಾಗಿ ಕೆಲಸ ನಿಂತರೂ ಆ ದಿನದ ಕೂಲಿಯನ್ನು ಮುರಿಯದಿರುವುದು ಮೊದಲನೆಯ ಸುಧಾರಣೆ. ಇದನ್ನು ಮಾಡದೆ ಎಷ್ಟು ಉಪದೇಶ ಹೇಳಿದರೂ ವ್ಯರ್ಥ.

ಎರಡನೆಯದು, ಉಡುಪು. ವಿಷೌಷಧವನ್ನು ಸಿಂಪಡಿಸುವವರಿಗೂ ತಕ್ಕ ರಕ್ಷಣೆಯ ಉಡುಪು ಇರಬೇಕೆಂದು 1971ರ ಕೀಟನಾಶಕಗಳ ನಿಯಮಗಳಲ್ಲಿ ವಿಧಿಸಲ್ಪಟ್ಟಿತು. ರಬ್ಬರಿನ ಕೈಗವಸು, ತುಂಬುತೋಳಿನ ಅಂಗಿ, ಉದ್ದ ಷರಾಯಿ, ಕಾಲಿಗೆ ಬೂಟು, ಮೂಗು ಬಾಯಿಗಳಿಗೆ ಮುಸುಕು, ಕಣ್ಣಿಗೆ ಕನ್ನಡಕ, ಇವುಗಳನ್ನು ಔಷಧದೊಡನೆಯೇ ಯಜಮಾನನು ಒದಗಿಸತಕ್ಕದ್ದು. ಇವು ಒಂದು ಬೆಳೆಗೆ ಮುಗಿಯುವ ವಸ್ತುಗಳಲ್ಲ. ಒಗೆದು ಇಟ್ಟುಕೊಂಡರೆ ಹಲವು ಬೆಳೆಗಳಿಗೆ ಬರುವುವು. ಸೆಕೆಯೆಂದು ಆಳೇ ಇವನ್ನು ಬೇಡವೆನ್ನುವನೆಂಬ ಮಾತಿನಲ್ಲಿ ಸತ್ಯವುಂಟು. ಅದಕ್ಕೆ ಪರಿಹಾರವು ಉಡುಪನ್ನು ಬಿಡುವುದಲ್ಲ, ನಡುಹಗಲನ್ನು ಬಿಡುವುದು. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಕೆಲಸ ಮಾಡಿಸುವುದು.

ಔಷಧವನ್ನು ಕೊಳ್ಳುವಾಗ ಸೀಸೆಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡಬೇಕು. ಕೆಂಪು ಅತ್ಯುಗ್ರ ವಿಷ, ಹಳದಿ ಅದರ ಕೆಳಗಿನದು, ನೀಲಿ ಮಧ್ಯಮ, ಹಸುರು ಅಲ್ಪ. ಅಕ್ಷರ ಬಾರದವರಿಗೂ ಈ ಗುರುತು ತಿಳಿಯುವುದು. ಅದನ್ನು ಆಳಿಗೆ ತೋರಿಸಿ ಹೇಳತಕ್ಕದ್ದು. ಹಸುರಿನದರಿಂದ ಆಗುವ ಕೆಲಸಕ್ಕೆ ಕೆಂಪಿನದನ್ನು ತರುವುದು ಅವಿವೇಕ. ಬರಿದಾದ ಡಬ್ಬಿಯನ್ನು ನೀರಿಗಾಗಲಿ ಎಣ್ಣೆಗಾಗಲಿ ಬಳಸಕೂಡದು.

ಕಳೆ ಕೀಳುವ ಹೆಂಗಸರ ವಿಷಯವನ್ನು ಅನೇಕರು ಮರೆಯುವರು. ನಿನ್ನೆ ಸಿಂಪಡಿಸಿದ ಹೊಲಕ್ಕೆ ಇಂದು ಅವರನ್ನು ಇಳಿಸಿ, ಬದುವಿನ ಮರದ ಜೋಳಿಗೆಯಲ್ಲಿ ಹಸುಗೂಸನ್ನು ಮಲಗಿಸಿರುವ ನೋಟವು ಅಪರೂಪವಲ್ಲ. ಸೀಸೆಯ ಚೀಟಿಯಲ್ಲಿ ಹೇಳಿರುವ ಅವಧಿ ಮುಗಿಯುವವರೆಗೂ ಯಾರನ್ನೂ ಆ ಹೊಲಕ್ಕೆ ಕಳುಹಿಸಬಾರದು. ಗರ್ಭಿಣಿಯರಿಗೂ ಬಾಣಂತಿಯರಿಗೂ ವಿಷದ ಸಂಪರ್ಕವುಳ್ಳ ಯಾವ ಕೆಲಸವನ್ನೂ ಕೊಡಕೂಡದು. ಬೇರೆ ಕೆಲಸ ಕೊಟ್ಟು ಅದೇ ಕೂಲಿ ಕೊಡುವುದು ಧರ್ಮ.

ಸಿಂಪಡಿಸುವವನಿಗೆ ತಲೆನೋವು, ವಾಂತಿ, ಅತಿಯಾದ ಬೆವರು ಮತ್ತು ಜೊಲ್ಲು, ಕಣ್ಣು ಮಂಜಾಗುವುದು, ಎದೆ ಬಿಗಿಯುವುದು, ಮಾಂಸಖಂಡಗಳು ಅದುರುವುದು, ಇವುಗಳಲ್ಲಿ ಯಾವುದು ಕಂಡರೂ ಬಿಸಿಲಿನ ಬಳಲಿಕೆಯೆಂದು ಉಪೇಕ್ಷಿಸಬಾರದು. ಒಡನೆಯೇ ಹೊಲದಿಂದ ಹೊರಕ್ಕೆ ತಂದು, ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೆದು, ಔಷಧದ ಸೀಸೆಯೊಡನೆ ಆಸ್ಪತ್ರೆಗೆ ಸಾಗಿಸಬೇಕು. ಹಾಲು, ಮಜ್ಜಿಗೆ, ಸಾರಾಯಿಗಳನ್ನು ಕುಡಿಸಿ ಕಾಲ ಕಳೆಯುವುದು ಅನರ್ಥಕ್ಕೆ ಕಾರಣ. ಸೀಸೆಯನ್ನು ಕಂಡರೆ ವೈದ್ಯರಿಗೆ ಯಾವ ವಿಷವೆಂಬುದು ತಿಳಿದು ತಕ್ಕ ಮದ್ದು ಕೊಡಲು ಅನುಕೂಲವಾಗುವುದು.

ಒಬ್ಬೊಬ್ಬ ಸಣ್ಣ ಹಿಡುವಳಿದಾರನು ಇದೆಲ್ಲವನ್ನೂ ಕೊಳ್ಳಲಾರನೆಂಬುದು ನಿಜ. ಗ್ರಾಮ ಪಂಚಾಯತಿಯಾಗಲಿ ಸಹಕಾರ ಸಂಘವಾಗಲಿ ನಾಲ್ಕೆಂಟು ಜೊತೆ ಉಡುಪುಗಳನ್ನು ಇಟ್ಟುಕೊಂಡು, ಅಲ್ಪ ಬಾಡಿಗೆಗೆ ಕೊಡುವ ಏರ್ಪಾಡು ಮಾಡಬಹುದು. ಊರಿನ ಮುಖಂಡರು ನಾಲ್ಕು ಮಂದಿ ದೊಡ್ಡ ಹಿಡುವಳಿದಾರರನ್ನು ಕರೆದು, ಸಿಂಪಡಿಸುವ ಕೆಲಸಕ್ಕೆ ದಿನಗೂಲಿಯೇ ನಮ್ಮೂರ ಕಟ್ಟಳೆಯೆಂದು ಒಪ್ಪಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು. ಬೆಳೆಯನ್ನು ಉಳಿಸಲು ಬಂದವನ ಪ್ರಾಣವನ್ನು ಉಳಿಸುವ ಖರ್ಚನ್ನು ದಾನದ ಲೆಕ್ಕದಲ್ಲಿ ಬರೆಯದೆ, ಬೀಜ ಗೊಬ್ಬರಗಳಂತೆ ಸಾಗುವಳಿಯ ಖರ್ಚಿನಲ್ಲಿಯೇ ಬರೆಯತಕ್ಕದ್ದು. ಮುಂದಿನ ಬೆಳೆಯ ಸಿಂಪಡಣೆ ಮೊದಲಾಗುವುದರೊಳಗೆ ಪ್ರತಿಯೊಂದು ಗ್ರಾಮದಲ್ಲಿಯೂ ಈ ವಿಚಾರವು ಚಾವಡಿಯಲ್ಲಿ ಚರ್ಚೆಗೆ ಬರುವುದು ಯುಕ್ತ.