ರೌಟರನ್ನು ಒಮ್ಮೆ ಮಗುಚಿ ನೋಡಿ

ಹಂಸಭಾವಿಯ ಹಾಗೂ ಸುತ್ತಲಿನ ಊರುಗಳ ಬಂಧುಗಳಲ್ಲಿ ಒಂದು ಕಳಕಳಿಯ ಮನವಿ.

ಮನೆಯಲ್ಲಿ ವೈಫೈ ಇದ್ದವರು ಆ ರೌಟರನ್ನು ಇವತ್ತೇ ಮಗುಚಿ, ಅಡಿಯಲ್ಲಿ ಅಂಟಿಸಿದ ಚೀಟಿ ಓದಿ. ಮಾಡೆಲ್ ಹೆಸರಿನ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ‘ವರ್ಷನ್’ ಸಂಖ್ಯೆ ಇರುತ್ತದೆ. ಕೊಳ್ಳುವಾಗ ಅದನ್ನು ಯಾರೂ ಹೇಳುವುದಿಲ್ಲ, ಬಿಲ್ಲಿನಲ್ಲೂ ಬರೆಯುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿರುವುದು ಯಾವ ಯಂತ್ರ ಎಂಬುದು ತಿಳಿಯುವುದು ಆ ಸಂಖ್ಯೆಯಿಂದಲೇ.

ನಮ್ಮಲ್ಲಿ ಬಹಳ ಮನೆಗಳಿಗೆ ಪರಿಚಯವಿರುವ ಟಿಪಿ-ಲಿಂಕ್‌ನ 841ಎನ್ ಮಾಡೆಲ್ ನೋಡಿ. ಹೆಸರು ವರ್ಷಗಟ್ಟಲೆ ಒಂದೇ, ಒಳಗಿನದು ಮಾತ್ರ ಬದಲಾಗುತ್ತಲೇ ಬಂತು. 8ನೇ ವರ್ಷನ್ನಿನಲ್ಲಿ ಅಥೆರೋಸ್ ಚಿಪ್, 13ರಲ್ಲಿ ಮೀಡಿಯಾಟೆಕ್ ಚಿಪ್. 13ರಲ್ಲಿ 8 ಎಂಬಿ ಫ್ಲ್ಯಾಶ್ ಮೆಮೊರಿ ಇದ್ದರೆ, ಅದರ ನಂತರ ಬಂದ 14ರಲ್ಲಿ 4 ಎಂಬಿ ಮಾತ್ರ. ಹೊಸದೆಂದರೆ ಹೆಚ್ಚಿನದು ಎಂದು ನಂಬಿ ಕೊಂಡವರಿಗೆ ಸಿಕ್ಕಿದ್ದು ಕಡಿಮೆಯದು. ಇದನ್ನು ಗಿರಾಕಿಗೆ ತಿಳಿಸದಿರುವುದು ನನ್ನ ಮಟ್ಟಿಗೆ ಅನ್ಯಾಯವೇ.

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಬರೀ ಮಾಡೆಲ್ ಹೆಸರು ನೋಡಿ ಇಂಟರ್ನೆಟ್ಟಿನಿಂದ ಫರ್ಮ್‌ವೇರ್, ಅಂದರೆ ರೌಟರ್ ನಡೆಸುವ ತಂತ್ರಾಂಶ, ಇಳಿಸಿ ಹಾಕಿದರೆ, ವರ್ಷನ್ ಹೊಂದದೆ ರೌಟರ್ ಕೆಟ್ಟು ಕೂರಬಹುದು. ಇನ್ನೂ ದೊಡ್ಡದು ಭದ್ರತೆಯ ಮಾತು. 2025ರ ಜೂನ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಕೆ ಕೊಟ್ಟಾಗ ಇದೇ 841ಎನ್‌ನ 8 ಮತ್ತು 10ನೇ ವರ್ಷನ್‌ಗಳನ್ನು ಹೆಸರಿಸಿತ್ತು. ಅವುಗಳಲ್ಲಿರುವ ದೋಷವನ್ನು ಹ್ಯಾಕರುಗಳು ಬಳಸುತ್ತಿದ್ದರು. ರೌಟರ್ ಕೈವಶವಾದರೆ, ನೀವು ಬ್ಯಾಂಕಿನ ಪುಟವೆಂದು ತೆರೆದದ್ದು ಮೋಸದ ಪುಟವಾಗಿರಬಹುದು. ಫೋನ್‌ಪೇಯಲ್ಲೇ ಸಂತೆ ಮುಗಿಸುವ ಈ ಕಾಲದಲ್ಲಿ ಇದನ್ನು ಹಗುರಾಗಿ ಎಣಿಸಬೇಡಿ.

ಚೀಟಿ ಹರಿದಿದ್ದರೆ ಮೊಬೈಲ್ ವೈಫೈಗೆ ಜೋಡಿಸಿ ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ತೆರೆಯಿರಿ. ಸ್ಟೇಟಸ್ ಪುಟದಲ್ಲಿ ಸಾಮಾನ್ಯವಾಗಿ ಹಾರ್ಡ್‌ವೇರ್ ವರ್ಷನ್ ಕಾಣುತ್ತದೆ. ಆದರೆ ಕೆಲವೊಮ್ಮೆ ಕಂಪನಿಯವರು ಸಂಖ್ಯೆ ಬದಲಿಸದೆ ಒಳಗಿನ ಬಿಡಿಭಾಗ ಬದಲಿಸುವುದೂ ಉಂಟು. ಅಂಥದ್ದು ಗೊತ್ತಾಗುವುದು ಮುಚ್ಚಳ ಬಿಚ್ಚಿ ಚಿಪ್ಪಿನ ಮೇಲಿನ ಅಕ್ಷರ ಓದಿದಾಗಲೇ. ಅದನ್ನು ಬಲ್ಲವರಿಗೇ ಬಿಡಿ, ವಾರಂಟಿ ಇದ್ದರೆ ಬಿಚ್ಚಲೇಬೇಡಿ.

ಕಂಪ್ಯೂಟರ್ ಓದುತ್ತಿರುವ ನಮ್ಮೂರಿನ ಮಕ್ಕಳೇ, ಈ ಕೆಲಸ ನಿಮ್ಮಿಂದ ಆಗಬೇಕು. ಯಾವ ಮಾಡೆಲಿನ ಯಾವ ವರ್ಷನ್‌ನಲ್ಲಿ ಯಾವ ಚಿಪ್ ಇದೆ ಎಂದು ಒಂದು ವಹಿಯಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಡಿ. ಮನೆಯವರ ಹೆಸರು ಬೇಡ. ಚೀಟಿಯ ಫೋಟೋ ತೆಗೆದರೆ ವೈಫೈ ಪಾಸ್‌ವರ್ಡ್ ಮುಚ್ಚಿ ತೆಗೆಯಿರಿ, ಅದೂ ಅಲ್ಲೇ ಅಚ್ಚಾಗಿರುತ್ತದೆ.

ಅಂಗಡಿಕಾರ ಬಂಧುಗಳೇ, ಬಿಲ್ಲಿನಲ್ಲಿ ಮಾಡೆಲ್ ಮುಂದೆ ವರ್ಷನ್ ಸಂಖ್ಯೆ ಬರೆದು ಕೊಡಿ. ಇನ್ನು 8 ಅಥವಾ 10ನೇ ವರ್ಷನ್ನಿನ 841ಎನ್ ಇನ್ನೂ ಬಳಸುತ್ತಿರುವವರು ದಯವಿಟ್ಟು ಈ ತಿಂಗಳೇ ಅದನ್ನು ಬದಲಿಸಿ.