ಸೋಯಾ ಹಾಲು: ಹೆಸರೂ ಹೊಣೆಯೂ

ಒಂದು ಪದಾರ್ಥಕ್ಕೆ ಹೆಸರಿಡುವುದು ಸಾಮಾನ್ಯವಾದ ಕಾರ್ಯವಲ್ಲ. ಹೆಸರಿನೊಡನೆ ಜನರ ನಂಬಿಕೆಯೂ ಆ ಪದಾರ್ಥಕ್ಕೆ ಸಲ್ಲುತ್ತದೆ. ಸೋಯಾ ಅವರೆಯಿಂದ ತೆಗೆದ ಪಾನೀಯವನ್ನು ‘ಹಾಲು’ ಎಂದು ಕರೆಯಬಹುದೇ ಎಂಬ ವಿವಾದವು ದೇಶವಿದೇಶಗಳ ನ್ಯಾಯಪೀಠಗಳನ್ನೂ ಮುಟ್ಟಿರುವುದರಿಂದ, ಭಾಷೆಯನ್ನೇ ಓದಿ ಕಲಿಸಿ ಬಾಳಿದವರು ಈ ಕುರಿತು ಒಂದೆರಡು ಮಾತನಾಡುವುದು ಅಪ್ರಸ್ತುತವಾಗಲಾರದು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಕಾಳನ್ನು ನೆನೆಯಿಟ್ಟು, ನೀರಿನೊಡನೆ ಅರೆದು, ಸೋಸಿ, ಚೆನ್ನಾಗಿ ಕುದಿಸಿದರೆ ಈ ಪಾನೀಯ ಸಿದ್ಧವಾಗುತ್ತದೆ. ಕುದಿಸುವುದು ರುಚಿಗಾಗಿ ಮಾತ್ರವಲ್ಲ. ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವೊಂದು ಹಸಿಯ ಕಾಳಿನಲ್ಲಿದ್ದು, ಅದರ ಬಲ ಕುಂದುವುದು ಶಾಖದಿಂದಲೇ. ಇದರ ತವರು ಚೀನಾ. ಅಲ್ಲಿನವರು ಇದನ್ನು ‘ದೌಜ್ಯಾಂಗ್’, ಅಂದರೆ ಕಾಳಿನ ಗಟ್ಟಿರಸ ಎನ್ನುತ್ತಾರೆ. ಜಪಾನೀಯರು ‘ತೋನ್ಯೂ’, ಕಾಳಿನ ಹಾಲು ಎನ್ನುತ್ತಾರೆ. ಹಸುವಿನ ಹಾಲನ್ನು ಕೊಳ್ಳಲಾರದ ಬಡವರಿಗೆ ಪುಷ್ಟಿ ದೊರೆಯಲೆಂದು ಹಾಂಗ್‌ಕಾಂಗಿನ ಲೋ ಕ್ವೀ ಸಿಯಾಂಗ್ ಅವರು 1940ರಲ್ಲಿ ಇದನ್ನು ಸೀಸೆಗಳಲ್ಲಿ ತುಂಬಿ ಮಾರತೊಡಗಿದರು. ನಮ್ಮ ನಾಡಿನ ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತರಿಗೂ ಈ ಬೆಳೆ ಇಂದು ಅಪರಿಚಿತವಲ್ಲ.

ಇನ್ನು ಕಾನೂನಿನ ಮಾತು. ಕೆಚ್ಚಲಿನಿಂದ ಬಂದುದೇ ಹಾಲು ಎಂಬ ನೆಲೆಯಲ್ಲಿ ಯುರೋಪಿನ ನ್ಯಾಯಾಲಯವು 2017ರಲ್ಲಿ ಸೋಯಾ ಪಾನೀಯಕ್ಕೆ ಆ ಹೆಸರನ್ನು ನಿರಾಕರಿಸಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ 2021ರಲ್ಲಿ ಸಸ್ಯಜನ್ಯ ಪಾನೀಯಗಳ ಮೇಲೆ ಹಾಲಿನ ಹೆಸರು ಸಲ್ಲದೆಂದು ನಿರ್ದೇಶಿಸಿತು. ಆದರೆ ತೆಂಗಿನ ಹಾಲಿಗೆ ಎರಡು ಕಡೆಯೂ ವಿನಾಯಿತಿಯುಂಟು; ಕಾರಣ, ಅದು ರೂಢಿ!

ರೂಢಿಯೇ ಪ್ರಮಾಣವಾದರೆ ಕನ್ನಡದ ಸಾಕ್ಷ್ಯವನ್ನು ಕೇಳಬೇಡವೆ? ಹಳಗನ್ನಡದ ‘ಪಾಲ್’ ಶಬ್ದವೇ ಇಂದಿನ ‘ಹಾಲು’. ಈ ಶಬ್ದವನ್ನು ನಮ್ಮವರು ಹಸುವಿನ ಕೆಚ್ಚಲಿಗೆ ಕಟ್ಟಿಹಾಕಲಿಲ್ಲ. ಶಾವಿಗೆಗೆ ಕಾಯಿಹಾಲು ಎರೆದರು. ಎಳೆಯ ತೆನೆಯಲ್ಲಿ ಹಾಲು ತುಂಬಿತೆಂದು ಹಿಗ್ಗಿದರು. ಎಕ್ಕದ ಹಾಲು, ಕಳ್ಳಿಯ ಹಾಲು ಎಂದರು. ಸಂಸ್ಕೃತವೂ ಆಲ, ಅರಳಿ, ಅತ್ತಿಗಳನ್ನು ಕ್ಷೀರವೃಕ್ಷಗಳೆಂದು ಕರೆಯಿತು. ಎಕ್ಕದ ಹಾಲು ವಿಷವಷ್ಟೆ. ಹಾಲೆಂಬ ಹೆಸರನ್ನು ನಂಬಿ ಅದನ್ನು ಮಗುವಿಗೆ ಕುಡಿಸಿದ ತಾಯಿಯುಂಟೆ? ಇಲ್ಲ. ಸಮಾಸದ ಪೂರ್ವಪದವು ಉತ್ತರಪದಕ್ಕೆ ಕಾವಲು ನಿಂತಿರುತ್ತದೆ. ಆದುದರಿಂದ ‘ಸೋಯಾ ಹಾಲು’ ಎಂಬುದು ನಿರ್ದುಷ್ಟವಾದ ಕನ್ನಡವೆಂದೇ ನನ್ನ ಅಭಿಪ್ರಾಯ.

ಆದರೆ ಶಬ್ದವು ಶುದ್ಧವಾದ ಮಾತ್ರಕ್ಕೆ ವ್ಯವಹಾರವೂ ಶುದ್ಧವೆನ್ನಲಾಗದು. ಎಕ್ಕದ ಗುಣ ಜನಕ್ಕೆ ತಲೆಮಾರುಗಳಿಂದ ಗೊತ್ತು. ಸೋಯಾದ ಗುಣ ಗೊತ್ತಿಲ್ಲ. ಪ್ರೋಟೀನಿನಲ್ಲಿ ಈ ಪಾನೀಯವು ಹಸುವಿನ ಹಾಲಿಗೆ ಬಹುಮಟ್ಟಿಗೆ ಸಮ. 100 ಗ್ರಾಂಗೆ ಎರಡರಲ್ಲೂ ಸುಮಾರು 3 ಗ್ರಾಂ. ಆದರೆ ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಬೇರೆಯಾಗಿ ಬೆರೆಸದ ಸೋಯಾ ಹಾಲಿನಲ್ಲಿ ಅದರ ಐದನೆಯ ಒಂದು ಭಾಗದಷ್ಟು ಮಾತ್ರ. ಬಿ12 ಜೀವಸತ್ವವು ಬೆರೆಸದ ಹೊರತು ಇರುವುದೇ ಇಲ್ಲ. ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲಾರದವರಿಗೆ ಇದು ಉಪಕಾರಿ. ವರ್ಷ ತುಂಬದ ಕೂಸಿಗೆ ತಾಯಿಯ ಹಾಲಿನ ಸ್ಥಾನದಲ್ಲಿ ಇದನ್ನು ಕೊಡುವುದು ಅಪಾಯ. ಹಸುವಿನ ಹಾಲಿಗೂ ಆ ಸ್ಥಾನ ಸಲ್ಲದೆಂಬುದನ್ನು ಮರೆಯಬಾರದು.

ಹೈನುಗಾರರ ಆತಂಕವು ನಿರಾಧಾರವಲ್ಲ. ನೂರಾರು ವರ್ಷ ಹಸು ಗಳಿಸಿದ ನಂಬಿಕೆಯನ್ನು ಕಾಳು ಒಂದೇ ದಿನದಲ್ಲಿ ಎರವಲು ಪಡೆಯಬಾರದು. ಇದಕ್ಕೆ ಮದ್ದು ಶಬ್ದನಿಷೇಧವಲ್ಲ. ಅಮೆರಿಕದ ಆಹಾರ ಇಲಾಖೆಯು 2023ರಲ್ಲಿ ಪ್ರಕಟಿಸಿದ ಕರಡು ಸೂಚನೆಯು ಹೆಸರನ್ನು ಉಳಿಸಿ, ಪೋಷಕಾಂಶಗಳ ವ್ಯತ್ಯಾಸವನ್ನು ಪೊಟ್ಟಣದ ಮೇಲೆ ತಿಳಿಸುವಂತೆ ಸಲಹೆಮಾಡಿತು. ನನಗೆ ಈ ಮಾರ್ಗವೇ ಯುಕ್ತವಾಗಿ ತೋರುತ್ತದೆ. ನಮ್ಮಲ್ಲಿ ಅದನ್ನು ಸಲಹೆಯಾಗಿ ಬಿಡದೆ ಕಡ್ಡಾಯಗೊಳಿಸಬೇಕು. ‘ಸೋಯಾ’ ಎಂಬುದು ‘ಹಾಲು’ ಎಂಬಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಇರುವುದೇನು, ಇಲ್ಲದಿರುವುದೇನು ಎಂಬುದು ಹಳ್ಳಿಯ ತಾಯಿಯೂ ಓದಬಲ್ಲ ಕನ್ನಡದಲ್ಲಿರಲಿ.

ಹಾಲೆಂಬ ಹೆಸರನ್ನು ಹಂಚಿಕೊಳ್ಳಲು ಕನ್ನಡಕ್ಕೆ ಸಂಕೋಚವಿಲ್ಲ. ಹೆಸರನ್ನು ಪಡೆದವರು ಅದರ ಹೊಣೆಯನ್ನೂ ಹೊರಬೇಕೆಂಬುದಷ್ಟೇ ನಮ್ಮ ಆಗ್ರಹ.