ರೂಟರ್ ನಮ್ಮದು, ಒಳಗಿನ ತಂತ್ರಾಂಶ ಯಾರದ್ದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟದ ಪಂಪ್‌ಸೆಟ್ ಕೆಟ್ಟರೆ ಯಾರೂ ಎಸೆಯೋದಿಲ್ಲ, ಬಿಚ್ಚಿ ರಿಪೇರಿ ಮಾಡಿಸ್ತಾರೆ. ವೈಫೈ ರೂಟರಿಗೆ ಮಾತ್ರ ಆ ಭಾಗ್ಯ ಇಲ್ಲ! ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ, ಡಬ್ಬಿ ಗಟ್ಟಿಯಿದ್ದರೂ ಭದ್ರತೆಯ ತೂತುಗಳು ಹಾಗೇ ಉಳೀತವೆ.

ಕಂಪನಿಯ ಫರ್ಮ್‌ವೇರ್ ತೆಗೆದು ಹಾಕಬಹುದಾದ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ. ಲಿಂಕ್‌ಸಿಸ್ ರೂಟರೊಂದರಲ್ಲಿ ಲಿನಕ್ಸ್ ಇದ್ದಿದ್ದರಿಂದ, ಜಿಪಿಎಲ್ ಪರವಾನಗಿಯಂತೆ 2003ರಲ್ಲಿ ಅದರ ಸೋರ್ಸ್ ಕೋಡ್ ಹೊರಬಂತು. ಅದನ್ನೇ ಆಧರಿಸಿ 2004ರಲ್ಲಿ ಶುರುವಾದ ಇದಕ್ಕೆ ಇವತ್ತಿಗೂ ಅಪ್‌ಡೇಟ್ ಬರ್ತಿದೆ.

ಹಾಗಂತ ಎಲ್ಲ ರೂಟರಿಗೂ ಆಗೋದಿಲ್ಲ. 4 ಎಂಬಿ ಫ್ಲ್ಯಾಶ್ ಇರೋ ಹಳೇ ಡಬ್ಬಿಗಳಲ್ಲಿ ಹೊಸ ಆವೃತ್ತಿಗೆ ಜಾಗ ಸಾಲೋದಿಲ್ಲ. ತಪ್ಪು ಫೈಲ್ ಹಾಕಿದರೆ ಮತ್ತೆ ಏಳದೇ ಹೋಗಬಹುದು. ಮಳೆಗಾಲದ ಕರೆಂಟ್ ನಂಬದೆ ಯುಪಿಎಸ್ ಇಟ್ಕೊಂಡೇ ಮಾಡಿ :)

ಮುಂದಿನ ಸಲ ಬೆಲೆಗಿಂತ ಮೊದಲು ಓಪನ್‌ಡಬ್ಲ್ಯುಆರ್‌ಟಿ ಪಟ್ಟಿ ನೋಡಿ ರೂಟರ್ ಕೊಳ್ಳಿ. ರಿಪೇರಿಗೆ ಬಾರದ್ದು ದುಡ್ಡು ಕೊಟ್ಟರೂ ನಮ್ಮದಾಗೋದಿಲ್ಲ. ನೀವೇನಂತೀರಿ?